ಮಾತಿಗೊಂದು ಕೊಡ ನೀರು

ನನ್ನ ಗಂಡನಿಗೆ ಖರ್ಚಿಲ್ಲದ ಉಪಾಯಗಳು ಹೊಳೆಯುತ್ತಿದ್ದವು. ಖರ್ಚಿಲ್ಲದ್ದು ಸರ್ಕಾರಕ್ಕೆ. ನಮ್ಮ ಮನೆಯಿಂದ ಮಾತ್ರ ಒಂದೊಂದು ಉಪಾಯಕ್ಕೂ ಒಂದೊಂದು ಸಾಮಾನು ಹೊರಗೆ ನಡೆಯುತ್ತಿತ್ತು.

ಚಿತ್ತಾಪುರದಲ್ಲಿ ಹೊಸ ವಾಚನಾಲಯ ತೆರೆದಾಗ ಅದನ್ನು ನೋಡಿಕೊಳ್ಳುವ ಕೆಲಸ ಇವರಿಗೆ ಸಿಕ್ಕಿತು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರಿದ್ದ ಕಾಲ ಅದು. ಒಂದು ಕೋಣೆ, ಒಂದು ಬೀಗ, ಗೋಣಿಚೀಲಗಳಲ್ಲಿ ಕಟ್ಟಿದ ಪುಸ್ತಕ, ಇಷ್ಟೇ ಬಂದದ್ದು. ಕಪಾಟು, ಕುರ್ಚಿ ಕೇಳಿದ್ದಕ್ಕೆ ಮೇಲಿನವರು, "ಸದ್ಯಕ್ಕೆ ನೀವೇ ಏನಾದರೂ ಉಪಾಯ ಮಾಡಿಕೊಳ್ಳಿ" ಎಂದರು. ಬೇರೆ ಯಾರಿಗಾದರೂ ಹೀಗೆ ಹೇಳಿದ್ದರೆ ಸುಮ್ಮನೆ ಕೂತಿರುತ್ತಿದ್ದರು. ಹೋಗಿ ಹೋಗಿ ನಮ್ಮವರಿಗೆ ಹೇಳಿದರು.

ಮೊದಲು ಎದ್ದದ್ದು ನಮ್ಮ ಬಚ್ಚಲಿನ ಪರ್ಸಿ ಕಲ್ಲು. ಶಹಾಬಾದಿನ ಕಲ್ಲು ನುಣ್ಣಗೆ, ಅಗಲವಾಗಿ ಇರುತ್ತದೆ. ಇಟ್ಟಿಗೆ ಜೋಡಿಸಿ ಮೇಲೆ ಅಡ್ಡ ಹಾಸಿದರೆ ಪುಸ್ತಕ ಇಡಲು ಜಾಗವಾಯಿತು, ಗೆದ್ದಲಿನ ಭಯವೂ ಇಲ್ಲ. ಉಪಾಯ ಒಳ್ಳೆಯದೇ. ನಾವು ಮಾತ್ರ ಕೆಸರಿನಲ್ಲಿ ನಿಂತು ಸ್ನಾನ ಮಾಡಿದೆವು. ಆಮೇಲೆ ನನ್ನ ತವರಿನವರು ಮದುವೆಯಲ್ಲಿ ಕೊಟ್ಟ ಬೆಂಚು, ಕುರ್ಚಿ, ಜಮಖಾನ, ತಾಮ್ರದ ಹಂಡೆ ಒಂದೊಂದಾಗಿ ನಡೆದವು. ನಾನು ಮಲಗುವ ಹಗ್ಗದ ಹೊರಸು ಹೊರಟ ದಿನ ನಾನು ಬಾಗಿಲಿಗೆ ಅಡ್ಡ ನಿಂತೆ.

"ಮುದುಕರು ಪೇಪರ್ ಓದ್ಲಿಕ್ಕ ಬರ್ತಾರ. ಅವರ ಬೆನ್ನು ನೋಯ್ತದ" ಅಂದರು.

"ನನಗೂ ಬೆನ್ನು ಅದ" ಅಂದೆ.

"ನೀ ಪೇಪರ್ ಓದೂದಿಲ್ಲಲ್ಲ" ಅಂದವರೇ ಹೊರಸನ್ನು ತಲೆಯ ಮೇಲೆ ಹೊತ್ತು ನಡೆದರು. ಇಂಥವರ ಜೊತೆ ಜಗಳವಾಡಿ ಗೆದ್ದವರು ಯಾರು?

ವಾಚನಾಲಯಕ್ಕೆ ಜವಾನನಿರಲಿಲ್ಲ, ಕುಡಿಯುವ ನೀರು ತುಂಬುವವರಿಲ್ಲ. ಅದರ ಮೇಲೆ ಗದ್ದಲ ಬೇರೆ. ಚಹಾದಂಗಡಿಯ ಹರಟೆಯೆಲ್ಲ ನನ್ನ ಬೆಂಚಿನ ಮೇಲೆ ಬಂದು ಕೂತಿತ್ತು. ಎರಡಕ್ಕೂ ಸೇರಿ ಇವರಿಗೆ ಒಂದೇ ಉಪಾಯ ಹೊಳೆಯಿತು. ಗೋಡೆಯ ಮೇಲೆ ಬರೆಸಿದರು: 'ಸದ್ದು ಮಾಡಿದವರು ಒಂದು ಕೊಡ ನೀರು ತರತಕ್ಕದ್ದು.' ಹಿತ್ತಲಲ್ಲಿ ಸೇದಬಾವಿ ಇತ್ತು. ಕೊಡ ನಮ್ಮದು, ಹಗ್ಗವೂ ನಮ್ಮದು.

ಇದನ್ನು ನಡೆಸಲು ಬಾಬುಮಿಯಾ ಸಿಕ್ಕರು. ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು, ಮುಂಜಾನೆ ಉರ್ದು ಪೇಪರಿಗೆಂದು ಬಂದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಯಾರಾದರೂ ಬಾಯಿಬಿಟ್ಟರೆ ಪೇಪರಿನಿಂದ ಕಣ್ಣೆತ್ತದೆಯೇ ಕೆಂಪು ಬಾವುಟ ಎತ್ತುತ್ತಿದ್ದರು. ನೀರು ತಂದು ಹಂಡೆಗೆ ಸುರಿದ ಮೇಲೆ ಹಸಿರು ಬಾವುಟ. ಒಬ್ಬ ವಕೀಲರಂತೂ ಒಂದೇ ಮಧ್ಯಾಹ್ನ ಅರ್ಧ ಹಂಡೆ ತುಂಬಿಸಿದರು.

ಇದನ್ನೆಲ್ಲ ನಾನು ನಕ್ಕು ಸುಮ್ಮನಾಗುತ್ತಿದ್ದೆ, ಮನೆಯಲ್ಲಿ ಅಮೃತಾ ಇರದಿದ್ದರೆ. ಅಮೃತಾ ನನ್ನ ನಾದಿನಿ. ನಾನು ಈ ಮನೆಗೆ ಬಂದಾಗ ಅಂಬೆಗಾಲಿಕ್ಕುತ್ತಿದ್ದ ತಾಯಿಯಿಲ್ಲದ ಕೂಸು. ಹಾಲು ಕುಡಿಸಿದವಳು, ಜಡೆ ಹೆಣೆದವಳು ನಾನು. ಅವಳಿಗೆ ಮಾತು ಕಡಿಮೆ. ಅಣ್ಣನಿಗೆ ಬುತ್ತಿ ಕೊಟ್ಟು ಬರುತ್ತೇನೆಂದು ವಾಚನಾಲಯಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು.

ಅವಳನ್ನು ನೋಡಲು ದಂಡೋತಿಯಿಂದ ಬಂದವರು ಗೋಣಿತಟ್ಟಿನ ಮೇಲೆ ಕೂತು ಉಪ್ಪಿಟ್ಟು ತಿಂದು ಹೋದರು. ಆಮೇಲೆ ಹೇಳಿಕಳಿಸಿದರು: "ಕುಂದ್ರಲಿಕ್ಕ ಒಂದು ಕುರ್ಚಿ ಇಲ್ಲದ ಮನಿ, ನಮಗ ಏನ್ ಕೊಟ್ಟಾರು?" ಅಮೃತಾ ತಟ್ಟೆ ತೊಳೆದು, ಗೋಣಿತಟ್ಟನ್ನು ಝಾಡಿಸಿ ಮಡಿಚಿಟ್ಟಳು.

ಮುಂದೆ ಆಡಕಿಯ ಸಂಗಣ್ಣನವರು ಮಗ ಭಗವಂತನನ್ನು ಕರೆದುಕೊಂಡು ಬರುತ್ತಾರೆಂದು ಸುದ್ದಿ ಬಂತು. ಹುಡುಗ ಸಾಲಿ ಮಾಸ್ತರ, ಸ್ವಭಾವ ಒಳ್ಳೆಯದು. ಅಪ್ಪ ಮಾತ್ರ ಹುಂಡಾದ ಮಾತಿನಲ್ಲಿ ಬಲು ಗಟ್ಟಿ. ವರದಕ್ಷಿಣೆಗೆ ನಮ್ಮ ಕಡೆ ಹುಂಡಾ ಎನ್ನುತ್ತಾರೆ. ನಾನು ಸೆರಗು ಬಿಗಿದು ಗಂಡನೆದುರು ನಿಂತೆ.

"ನನ್ನ ಸಾಮಾನು ಮನಿಗಿ ತರ್ರಿ. ಒಂದು ದಿನದ ಮಟ್ಟಿಗೆ ಸಾಕು."

"ಓದ್ಲಿಕತ್ತ ಮಂದೀನ ಎಬ್ಬಸ್ಲಿ ಹ್ಯಾಂಗ? ಹೊರಸಿನ ಮ್ಯಾಲಿನ ಮುದುಕರಿಗಿ ಏನ್ ಹೇಳ್ಲಿ?"

"ಈ ಸಂಬಂಧಾನೂ ತಪ್ಪಿದ್ರ ನಿಮ್ಮ ತಂಗೀಗಿ ಏನ್ ಹೇಳ್ತೀರಿ?"

ಇವರು ತಲೆ ಕೆರೆದುಕೊಂಡರು. ನನಗೆ ಭಯವಾಯಿತು. ತಲೆ ಕೆರೆದುಕೊಂಡರೆ ಇವರಿಗೆ ಉಪಾಯ ಹೊಳೆಯುತ್ತದೆ. ಅದು ಹೊಳೆಯುವ ಮೊದಲೇ ನಾನು ಹೇಳಿದೆ: "ಬ್ಯಾಡ ಬಿಡ್ರಿ. ಸಾಮಾನು ಮನಿಗಿ ಬರೂದಿಲ್ಲಂದ್ರ, ಸಾಮಾನು ಇದ್ದಲ್ಲಿಗೇ ಮನಿ ಹೋಗ್ತದ."

ಹೀಗೆ ಹೆಣ್ಣು ನೋಡುವ ಶಾಸ್ತ್ರ ವಾಚನಾಲಯದಲ್ಲಿ ನಡೆಯಿತು. ಆ ಒಂದು ದಿನ ಬಾವುಟ ಎತ್ತಬೇಡಿರೆಂದು ಬಾಬುಮಿಯಾ ಅವರನ್ನು ಮೊದಲೇ ಕೇಳಿಕೊಂಡಿದ್ದೆ. ಅವರು ಹಣೆಗೆ ಕೈ ಹಚ್ಚಿ ಸಲಾಮು ಮಾಡಿದರು. ಒಪ್ಪಿದರೆಂದು ತಿಳಿದೆ.

ಗಂಜಿ ಹಾಕಿದ ಧೋತರ, ದೊಡ್ಡ ರುಮಾಲಿನ ಸಂಗಣ್ಣನವರು ನನ್ನ ಕುರ್ಚಿಯಲ್ಲಿ ಕೂತು, ನನ್ನ ಜಮಖಾನ, ನನ್ನ ಹಂಡೆ ಎಲ್ಲ ನೋಡಿ ತಲೆದೂಗಿದರು. ನನ್ನ ಎದೆ ಉಬ್ಬಿತು. ಅಮೃತಾ ಚಹಾ ಕೊಟ್ಟು ಪರ್ಸಿಯ ಕಪಾಟಿಗೆ ಒರಗಿ ನಿಂತಳು. ಸಂಗಣ್ಣನವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಹುಡುಗಿ ಛಲೋ ಅದಾಳ. ಇನ್ನ ಹುಂಡಾದ ಮಾತು..."

ಕೆಂಪು ಬಾವುಟ ಎದ್ದಿತು.

ಸಂಗಣ್ಣನವರು ಬಾವುಟ ನೋಡಿದರು, ಗೋಡೆಯ ಬರಹ ಓದಿದರು. ನನ್ನ ಗಂಡ ಒಂದು ಮಾತೂ ಆಡದೆ ಕೊಡ ತಂದು ಅವರ ಕಾಲ ಬಳಿ ಇಟ್ಟರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆದರೆ ಹೊರಸಿನ ಮುದುಕರೂ ವಕೀಲರೂ ಕಣ್ಣು ಬಿಟ್ಟು ನೋಡುತ್ತಿದ್ದರು. ಪರ ಊರಿನಲ್ಲಿ ಇಷ್ಟು ಜನರೆದುರು ಹಿಂಜರಿದರೆ ಮರ್ಯಾದೆ ಉಳಿದೀತೇ? ಸಂಗಣ್ಣನವರು ಕೊಡ ಎತ್ತಿಕೊಂಡು ಬಾವಿಗೆ ನಡೆದರು.

ನೀರು ಸುರಿದು ಕೂತವರು ಮತ್ತೆ, "ಹುಂಡಾ ಅಂದ್ರ ನಮ್ಮ ಕಡಿ..." ಅಂದರು. ಮತ್ತೆ ಬಾವುಟ, ಮತ್ತೆ ಬಾವಿ. ಈ ಸಲ ಬಂದಾಗ ಧೋತರದ ಗಂಜಿಯೆಲ್ಲ ಇಳಿದು ಕಾಲಿಗೆ ಅಂಟಿತ್ತು, ರುಮಾಲು ಕಿವಿಯ ಮೇಲೆ ಜಾರಿತ್ತು. ಇನ್ನೊಮ್ಮೆ ಬಾಯಿ ತೆರೆದರು. ಬಾಬುಮಿಯಾ ಅವರ ಕೈ ಬಾವುಟದ ಕಡೆ ಹೋಗುವುದನ್ನು ಕಂಡು ಮುಚ್ಚಿದರು. ಸಿಕ್ಕ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತುಬಿಟ್ಟರು. ಈ ಸಂಬಂಧವೂ ಹೋಯಿತು ಅಂದುಕೊಂಡೆ.

ಆಗ ಬೆಂಚಿನ ಮೇಲಿದ್ದ ಮಗ ಭಗವಂತ ಎದ್ದು ನಿಂತ.

"ನೀವು ಯಾವ ಪುಸ್ತಕ ಓದೀರಿ?" ಎಂದು ಅಮೃತಾಳನ್ನು ಕೇಳಿದವನೇ, ಬಾವುಟ ಏಳುವ ಮೊದಲೇ ಕೊಡ ಹಿಡಿದು ಹೊರಟ. ನೀರು ಸುರಿದು, "ಹೇಳ್ಲಿಲ್ಲ ನೀವು" ಅಂದ. ಮತ್ತೆ ಹೋದ. ಬಂದು, "ನಾ ಕೇಳಿದ್ದು ತಪ್ಪಾಯ್ತೇನ್ರಿ?" ಅಂದ. ಮತ್ತೆ ಹೋದ. ಅಂಗಿಯೆಲ್ಲ ಒದ್ದೆ. ಮುದುಕರು ಪೇಪರು ಮಡಿಚಿಟ್ಟು ಇದನ್ನೇ ನೋಡುತ್ತ ಕೂತರು. ಅಮೃತಾಳ ತುಟಿ ಅಲ್ಲಾಡಲಿಲ್ಲ. ಇವಳನ್ನು ಮೂಕಿ ಎಂದುಕೊಂಡಾನು, ಬಾಯಿ ಬಿಡೇ ನನ್ನವ್ವ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಹಂಡೆ ತುಂಬಿ ನನ್ನ ಜಮಖಾನದ ಮೇಲೆ ನೀರು ಹರಿಯಿತು. ಅಮೃತಾ ಮುಂದೆ ಬಂದು ಅವನ ಕೈಯಿಂದ ಕೊಡ ತೆಗೆದುಕೊಂಡಳು.

"ಇಲ್ಲಿರೂ ಪುಸ್ತಕ ಎಲ್ಲಾ ಓದೀನ್ರಿ. ನಿಮ್ಮ ಆಡಕ್ಯಾಗ ಪುಸ್ತಕ ಅವ ಏನ್ರಿ?" ಎಂದು ಇಡೀ ಕೋಣೆಗೆ ಕೇಳುವಂತೆ ಕೇಳಿ, ಉತ್ತರಕ್ಕೆ ನಿಲ್ಲದೆ ತಾನೇ ಬಾವಿಗೆ ನಡೆದಳು.

ಕೋಣೆಗೆ ಕೋಣೆಯೇ ನಕ್ಕಿತು. ಬಾಬುಮಿಯಾ ಒಬ್ಬೊಬ್ಬರನ್ನೇ ನೋಡಿದರು. ಇಷ್ಟು ಜನ ನೀರು ತಂದರೆ ಸುರಿಯುವುದು ಎಲ್ಲಿಗೆ ಅನ್ನಿಸಿರಬೇಕು, ಬಾವುಟ ಕೆಳಗಿಟ್ಟರು.

ಹೊರಗೆ ಮೆಟ್ಟಿಲ ಮೇಲೆ ಸಂಗಣ್ಣನವರು ಧೋತರ ಹಿಂಡಿಕೊಳ್ಳುತ್ತ ಕೊನೆಯ ಪ್ರಯತ್ನ ಮಾಡಿದರು. "ಅಲ್ಲರಿ, ಹುಂಡಾ..."

"ಅಪ್ಪಾ, ಒಳಗಿಂದ ಕೊಡ ತರ್ಲೇನು?" ಎಂದ ಭಗವಂತ.

ಸಂಗಣ್ಣನವರು ಮಗನ ಮುಖ ನೋಡಿದರು, ಒದ್ದೆ ಧೋತರ ನೋಡಿದರು. "ತಾರೀಖು ಹಿಡೀರಿ" ಅಂದರು.

ಮದುವೆಯಾಯಿತು. ಅಮೃತಾಳನ್ನು ಆಡಕಿಗೆ ಕಳಿಸಿ ಮನೆಗೆ ಬಂದರೆ ಕೂರಲು ಕುರ್ಚಿಯಿಲ್ಲ, ಜಡೆ ಹಾಕಲು ಹುಡುಗಿಯಿಲ್ಲ. ನಿಲ್ಲಲಾರದೆ ವಾಚನಾಲಯಕ್ಕೆ ಹೋಗಿ ನನ್ನ ಬೆಂಚಿನ ಮೇಲೆ ಕೂತೆ. ನನ್ನ ಗಂಡ ಕಪಾಟಿನೆದುರು ನಿಂತು ಒಂದೇ ಪುಸ್ತಕವನ್ನು ತೆಗೆದು ತೆಗೆದು ಇಡುತ್ತಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆದರೂ ಅಳು ತಡೆಯಲಿಲ್ಲ, ಜೋರಾಗಿಯೇ ಬಂತು. ಎಲ್ಲರೂ ತಿರುಗಿ ನೋಡಿದರು.

ಬಾಬುಮಿಯಾ ಪೇಪರಿನಿಂದ ಕಣ್ಣೆತ್ತಿದರು. ಅವರ ಕೈ ಕೆಂಪು ಬಾವುಟದ ಮೇಲೆ ಹೋಯಿತು. ಬಾವುಟವನ್ನು ಅಲ್ಲಿಯೇ ಬಿಟ್ಟು ಎದ್ದರು. ಕೊಡ ಎತ್ತಿಕೊಂಡು ತಾವೇ ಬಾವಿಗೆ ಹೋದರು.