ಮೂರನೇ ಪ್ರೆಸ್ಸಿನ ಕಣ್ಣು

ಶಶಿರೇಖಾಳ ಬಲಗೈಯ ಮೂರು ಬೆರಳು ಹೋದದ್ದು ಕಾರ್ತೀಕದ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ತಪ್ಪು ಅವಳದೇ ಎಂದು ಬರೆದ ಕಾಗದಕ್ಕೆ ಸಾಕ್ಷಿ ರುಜು ಹಾಕಲು ನನ್ನನ್ನು ಕರೆದರು. ಅದಕ್ಕೇ ಇದನ್ನು ಮೊದಲಿನಿಂದ ಹೇಳಬೇಕು.

ತುಮಕೂರಿನ ಸತ್ಯಮಂಗಲದಲ್ಲಿ ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಕಾರ್ಖಾನೆ ಅದು. ನಾಲ್ಕೇ ಪ್ರೆಸ್ಸು. ಹಾಳೆ ನೆನೆಸಿ, ಉಜ್ಜಿ ತೊಳೆದು ಕೊಡುವುದು ನನ್ನ ಕೆಲಸ. ಮೂರನೇ ಪ್ರೆಸ್ಸಿನಲ್ಲಿ ಶಶಿರೇಖಾ ಇದ್ದಳು, ಕುಣಿಗಲ್ ಕಡೆ ಕೊತ್ತಗೆರೆಯವಳು. ಕಾದ ಅಚ್ಚಿನ ಮೇಲೆ ಹಾಳೆ ಇಟ್ಟು, ಕೈ ತೆಗೆದು, ಆಮೇಲೆ ಪೆಡಲು ತುಳಿಯಬೇಕು. ಅವಳ ಕೈ ಚುರುಕು, ಕಾಲು ಅದಕ್ಕಿಂತ ಚುರುಕು.

ಮಾಲೀಕರು ಲಕ್ಷ್ಮೀಕಾಂತ್. ಕೆಟ್ಟವರಲ್ಲ. ಹೋದ ವರ್ಷ ಯಾವುದೋ ತರಬೇತಿಗೆ ಹೋಗಿ ಬಂದವರೇ ಗೋಡೆಗೊಂದು ಟೀವಿ ಹಾಕಿಸಿದರು. ಎಷ್ಟು ತಟ್ಟೆ ಆಯಿತು, ಎಷ್ಟು ಸೀಳಿತು, ಯಾವ ಪ್ರೆಸ್ಸು ನಿಂತಿತು, ಎಲ್ಲವೂ ಅದರಲ್ಲಿ.

“ಬರೆದು ಬೀರುಲಿಟ್ಟು ಬೀಗ ಹಾಕಿದ್ರೆ ಏನ್ ಬಂತು ನರಸಯ್ಯ? ಡೇಟಾ ಅಂದ್ರೆ ದಿನಾ ನೋಡ್ಬೇಕು, ನೋಡಿ ಕೆಲಸ ತಿದ್ಕೋಬೇಕು” ಎಂದರು.

ಮಾತು ಸುಳ್ಳಲ್ಲ. ಗುಬ್ಬಿಯಿಂದ ಬರುವ ಹಾಳೆ ಹೆಚ್ಚು ಸೀಳುತ್ತದೆ ಎಂದು ಟೀವಿ ತೋರಿಸಿತು. ನಾನೂ ಗುಬ್ಬಿಯವನೇ, ನನಗದು ಮೊದಲೇ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇನ್ನೊಂದು ಗಂಟೆ ಹೆಚ್ಚು ನೆನೆಸಿದೆ, ಸೀಳುವುದು ನಿಂತಿತು.

ಆಮೇಲೆ ಮೂರನೇ ಪ್ರೆಸ್ಸಿನ ನೆತ್ತಿಗೆ ಒಂದು ಗಾಜಿನ ಕಣ್ಣು ಕೂರಿಸಿದರು. ಕೈ ಇನ್ನೂ ಒಳಗಿರುವುದು ಕಂಡರೆ ಅದು ಪ್ರೆಸ್ಸನ್ನು ನಿಲ್ಲಿಸುತ್ತದೆ, ಟೀವಿಯಲ್ಲಿ ಒಂದು ಅಂಕೆ ಏರುತ್ತದೆ. ದಿನಕ್ಕೆ ಹತ್ತು ಹನ್ನೆರಡು ಸಲ ನಿಲ್ಲುತ್ತಿತ್ತು.

“ಏನ್ಲಾ, ಬರೀ ನನ್ನೇ ನೋಡ್ತೀಯಲ್ಲ, ಮನೇಲಿ ಅಕ್ಕ ತಂಗೀರಿಲ್ವ?” ಎಂದು ಶಶಿರೇಖಾ ಆ ಕಣ್ಣಿಗೆ ಬೈಯುವಳು. ಎಲ್ಲರೂ ನಗುವೆವು.

ಆಯುಧಪೂಜೆ ಬಂತು. ಹದಿನೈದು ವರ್ಷದಿಂದ ಪ್ರೆಸ್ಸುಗಳಿಗೆ ಪೂಜೆ ಮಾಡುವವನು ನಾನೇ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ನೆತ್ತಿಯ ತಗಡಿನ ನಡುವೆ ಹೆಬ್ಬೆಟ್ಟಿನಷ್ಟು ದಪ್ಪ ಬೊಟ್ಟು ಇಡುತ್ತೇನೆ. ಆ ಸಲವೂ ರೂಢಿಯ ಮೇಲೆ ಅದೇ ಜಾಗದಲ್ಲಿ ಇಟ್ಟೆ. ಆ ಜಾಗದಲ್ಲಿ ಈಗ ಕಣ್ಣಿತ್ತು. ದೇವರ ಬೊಟ್ಟನ್ನು ಒರೆಸಬಾರದೆಂದು ಯಾರೂ ಮುಟ್ಟಲಿಲ್ಲ. ಹಾಳೆಯ ಧೂಳು ಕೂತು ಗಟ್ಟಿಯಾಯಿತು.

ರಜೆ ಮುಗಿದು ಬಂದರೆ ಟೀವಿಯಲ್ಲಿ ಮೂರನೇ ಪ್ರೆಸ್ಸಿನ ಮುಂದೆ ಸೊನ್ನೆ. ಮಾರನೆ ದಿನವೂ ಸೊನ್ನೆ. ವಾರ ತುಂಬಿದಾಗ ಲಕ್ಷ್ಮೀಕಾಂತ್ ಮೈಸೂರುಪಾಕು ಹಂಚಿದರು.

“ನೋಡ್ರಿ, ಶಶಿರೇಖಾ ಹೆಂಗ್ ಕಲ್ತ್ಲು! ಒಂದ್ಸಲಾನೂ ನಿಂತಿಲ್ಲ. ಇಷ್ಟು ಚೆನ್ನಾಗಿ ನಡೀತಿರೋವಾಗ ಸ್ಪೀಡು ಸ್ವಲ್ಪ ಏರಿಸ್ಬೋದು.”

“ನಾನೆಲ್ಲಿ ಕಲ್ತೆ ಸಾರ್, ಅವನೇ ನನ್ನ ನೋಡೋದು ಬಿಟ್ಟವ್ನೆ” ಎಂದಳು ಅವಳು. ಮತ್ತೆ ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಅವಳ ಕೈ ಮೊದಲು ಹೇಗಿತ್ತೋ ಹಾಗೇ ಇತ್ತು, ದಿನಾ ನೋಡುತ್ತಿದ್ದೆನಲ್ಲ. ಒಂದು ಹಬ್ಬದಲ್ಲಿ ಯಾರ ಕೈಯೂ ಬದಲಾಗುವುದಿಲ್ಲ. ಹೇಳೋಣವೆಂದು ಆಫೀಸಿನ ಬಾಗಿಲ ತನಕ ಹೋದೆ. ಲಕ್ಷ್ಮೀಕಾಂತ್ ಫೋನಿನಲ್ಲಿದ್ದರು. ಕಲಿತವರು ನೋಡುವ ಲೆಕ್ಕದಲ್ಲಿ ನನ್ನದೇನು ಎಂದುಕೊಂಡು ತೊಟ್ಟಿಯ ಹತ್ತಿರ ವಾಪಸು ಬಂದು ಹಾಳೆ ಉಜ್ಜಿದೆ.

ಸ್ಪೀಡು ಏರಿಸಿದ ಇಪ್ಪತ್ತನೇ ದಿನ ಆ ಸೋಮವಾರ.

ಮಾರನೆಯ ದಿನ ಪ್ರೆಸ್ಸು ತೊಳೆಯಲು ನನಗೇ ಹೇಳಿದರು. ಅಚ್ಚು ತೊಳೆದೆ, ಪೆಡಲು ತೊಳೆದೆ. ನೆತ್ತಿಯ ಬೊಟ್ಟಿಗೆ ನೀರು ಹಾಕಿದರೆ ಹೋಗಲಿಲ್ಲ. ಉಗುರಿನಿಂದ ಕೆರೆದೆ. ಹೊಪ್ಪಳೆಯ ಹಾಗೆ ಎದ್ದು ಬಂತು, ಕೆಳಗೆ ಗಾಜು ಮಿನುಗಿತು. ಟೀವಿ ಟಿಣ್ ಎಂದಿತು. ತಿರುಗಿ ನೋಡಿದೆ. ಸೊನ್ನೆ ಹೋಗಿ ಒಂದು ಬಂದಿತ್ತು. ಕಣ್ಣು ನನ್ನ ಬೆರಳನ್ನು ಕಂಡಿತ್ತು.

ಆ ದಿನವೂ ನಾನು ಯಾರಿಗೂ ಹೇಳಲಿಲ್ಲ.

ಬುಧವಾರ ಕಾಗದ ಬಂತು. ತಟ್ಟೆ ಹೆಚ್ಚು ತೆಗೆಯುವ ಆಸೆಗೆ ಅವಳೇ ಕಣ್ಣಿಗೆ ಏನೋ ಅಡ್ಡ ಇಟ್ಟಿದ್ದಾಳೆ ಎಂದು ಲಕ್ಷ್ಮೀಕಾಂತ್ ಓದಿ ಹೇಳಿದರು. “ಇಪ್ಪತ್ತೇಳು ದಿನ ಸೊನ್ನೆ ಅಂದ್ರೆ ಇನ್ನೇನ್ ನರಸಯ್ಯ? ಡೇಟಾ ಸುಳ್ಳು ಹೇಳಲ್ಲ. ಇಲ್ಲೊಂದು ರುಜು ಹಾಕು.”

ಪೆನ್ನು ಹಿಡಿದೆ. ನನಗೆ ಬರುವುದು ನನ್ನ ಹೆಸರು ಬರೆಯುವುದೊಂದೇ. ಬರೆಯಲಿಲ್ಲ.

“ಅಡ್ಡ ಇಟ್ಟೋನು ನಾನು ಸಾರ್. ಆಯುಧಪೂಜೆ ದಿನ. ಕುಂಕುಮ.”

ಅವರು ಟೀವಿಯನ್ನೇ ನೋಡುತ್ತಾ ನಿಂತರು. “ಆ ಸೊನ್ನೆಗೆ ನಾನು ಸ್ವೀಟ್ ಹಂಚ್ದೆ” ಎಂದರು. ಕಾಗದವನ್ನು ತಾವೇ ಹರಿದರು. ನಾಳೆಯಿಂದ ಬರಬೇಡ ಎಂದೂ ಹೇಳಿದರು.

ಆಸ್ಪತ್ರೆಯಿಂದ ಅವಳು ಮನೆಗೆ ಬಂದ ಮೇಲೆ ಕೊತ್ತಗೆರೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದಳು, ಕೈಗೆ ಬಿಳಿ ಬಟ್ಟೆ. ಎಲ್ಲವನ್ನೂ ಹೇಳಿದೆ, ಬಾಗಿಲ ತನಕ ಹೋಗಿ ವಾಪಸು ಬಂದದ್ದನ್ನೂ. ಬೈಯಲಿ ಎಂದು ಕಾದೆ.

“ಬೊಟ್ಟು ಇಟ್ಟಿದ್ದು ಹೋಗ್ಲಿ ಬುಡು ತಾತ, ಗೊತ್ತಿಲ್ದೆ ಇಟ್ಟೆ” ಎಂದಳು. “ಸೊನ್ನೆ ನೋಡಿದಾಗ ನಿಂಗೆ ಗೊತ್ತಿತ್ತಲ್ಲ. ಒಳಕ್ಕೆ ಇನ್ನೆರಡು ಹೆಜ್ಜೆ ಇತ್ತು.”

ಎಡಗೈಯಲ್ಲಿ ನೀರಿನ ಲೋಟವನ್ನು ನನ್ನ ಕಡೆ ತಳ್ಳಿದಳು. ಅಭ್ಯಾಸವಿಲ್ಲದ ಕೈ. ಲೋಟ ಉರುಳಿತು. ನಾನು ಎತ್ತಲು ಬಾಗಿದರೆ, “ಬೇಡ, ನಾನೇ ಎತ್ತೀನಿ” ಎಂದಳು.