ಹತ್ತು ಸಾಲಿನ ಫಾರಂ

ಹುಣಸೂರಿನಿಂದ ಹೊರಡುವ ಏಳೂಕಾಲರ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ನಿಂತೇ ಬಂದು ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಶಾಲೆಯತ್ತ ನಡೆಯುವಾಗ, ಆಗಲೇ ಅರ್ಧ ದಿನ ದುಡಿದವಳ ಹಾಗೆ ಕಾಲು ಸೋತಿರುತ್ತಿದ್ದವು. ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಮನೆಯಲ್ಲೇ ಕುಳಿತಿದ್ದವಳಿಗೆ ಮೈಸೂರಿನ ಟ್ರಸ್ಟೊಂದು ಕೊಟ್ಟ ಕೆಲಸ ಅದು. ಹತ್ತನೆಯ ತರಗತಿಯ ಮಕ್ಕಳಿಗೆ ಓದುವ ಕ್ರಮ ಕಲಿಸಬೇಕು, ನಾಯಕತ್ವ ಬೆಳೆಸಬೇಕು ಎಂದು ಆರ್ಡರಿನಲ್ಲಿ ಬರೆದಿತ್ತು. ನಾಲ್ಕು ಜನರ ಮುಂದೆ ‘ನನ್ನ ಹೆಸರು ಶಾಂತಲಾ’ ಎನ್ನುವುದಕ್ಕೂ ಬಾಯಿ ಒಣಗುವ ನನಗೆ ನಾಯಕತ್ವ ಬೆಳೆಸುವ ಕೆಲಸ ಯಾಕೆ ಕೊಟ್ಟರೋ. ಅಮ್ಮನ ಪ್ರಕಾರ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ಶಾಲೆಯಲ್ಲಿ ಮೂವತ್ತಮೂರು ಮಕ್ಕಳು. ಮೂರು ಗುಂಪು, ಗುಂಪಿಗೊಬ್ಬ ಲೀಡರ್, ಲೀಡರಿನ ಕೈಕೆಳಗೆ ಹತ್ತು ಜನ. ಯಾರು ಬೆಳಿಗ್ಗೆ ಐದಕ್ಕೆ ಎದ್ದರು, ಯಾರು ಯಾವ ಪಾಠ ಓದಿದರು, ಎಷ್ಟು ಲೆಕ್ಕ ಮಾಡಿದರು ಎಂದು ಲೀಡರ್ ವಾರವಾರ ಒಂದು ಫಾರಂ ತುಂಬಬೇಕು. ನಾನು ಅದಕ್ಕೆ ಸಹಿ ಹಾಕಿ ಮೈಸೂರಿಗೆ ಕಳಿಸಬೇಕು. ವರ್ಷವಿಡೀ ಲೀಡರ್ ಆಗಿದ್ದು, ಪಬ್ಲಿಕ್ ಪರೀಕ್ಷೆಯಲ್ಲಿ ಶೇಕಡಾ ಎಂಬತ್ತೈದು ತೆಗೆದ ಒಬ್ಬರಿಗೆ ಮೈಸೂರಿನಲ್ಲಿ ಪಿಯು ಸೈನ್ಸ್ ಸೀಟು, ಹಾಸ್ಟೆಲ್ ಎಲ್ಲ ಟ್ರಸ್ಟಿನದೇ. ನಮ್ಮ ಶಾಲೆಯಲ್ಲಿ ಅದನ್ನು ಮುಟ್ಟಬಲ್ಲವಳು ಒಬ್ಬಳೇ, ಎರಡನೆಯ ಗುಂಪಿನ ಜೋಯಾ.

ಅವಳಪ್ಪ ಮೆಹಬೂಬ್ ಅವರದು ಬಸ್ಸು ನಿಲ್ಲುವ ಜಾಗದ ಹತ್ತಿರ ಗ್ಯಾಸ್ ಸ್ಟೌವ್ ರಿಪೇರಿ ಅಂಗಡಿ. ಒಮ್ಮೆ ನನ್ನನ್ನು ನಿಲ್ಲಿಸಿಕೊಂಡು, ಬರ್ನರ್ ಉಜ್ಜುತ್ತಲೇ ಹೇಳಿದ್ದರು: “ಹಾಸ್ಟೆಲ್ ಸಿಕ್ಕಿದ್ರೆ ಕಳಿಸ್ತೀನಿ ಮೇಡಂ, ಆ ಮಾತಿಗೆ ತಪ್ಪಲ್ಲ. ದಿನಾ ಬಸ್ಸಲ್ಲಿ ಮೈಸೂರಿಗೆ ಓಡಾಡೋಕೆ ಮಾತ್ರ ಬಿಡಲ್ಲ. ಸಿಗ್ಲಿಲ್ವಾ, ಅವಳ ಚಿಕ್ಕಮ್ಮಂದು ಟೈಲರಿಂಗ್ ಇದೆ, ಅಲ್ಲಿ ಕೂತ್ಕೋತಾಳೆ.” ಕೋಪವೂ ಇರಲಿಲ್ಲ, ಬೇಸರವೂ ಇರಲಿಲ್ಲ ಆ ದನಿಯಲ್ಲಿ. ಬೆಲೆ ಹೇಳಿದ ಹಾಗೆ ಹೇಳಿದರು.

ಬೆಳಿಗ್ಗೆ ಐದರ ಫೋನು ಶುರುವಾದದ್ದು ಜನವರಿಯಲ್ಲಿ. ಲೀಡರ್ ತನ್ನ ಹತ್ತು ಜನಕ್ಕೆ ಮಿಸ್ಡ್ ಕಾಲ್ ಕೊಡಬೇಕು, ಅವರು ಎದ್ದು ತಿರುಗಿ ಮಿಸ್ಡ್ ಕಾಲ್ ಕೊಡಬೇಕು. ಫೋನುಗಳೆಲ್ಲ ಅಪ್ಪಂದಿರವು, ಅಜ್ಜಿಯಂದಿರವು. ಫೆಬ್ರವರಿ ಹೊತ್ತಿಗೆ ಉಳಿದಿಬ್ಬರು ಲೀಡರುಗಳು ಕೈ ಚೆಲ್ಲಿದರು. ಒಬ್ಬಳ ಅಪ್ಪ ಫೋನು ಜೇಬಿಗಿಟ್ಟುಕೊಂಡು ಕೊಡಗಿಗೆ ಕಾಫಿ ಕುಯ್ಯಲು ಹೋಗಿದ್ದರು. ಇನ್ನೊಬ್ಬ ಮಾದೇಶ. ಅವನದು ಬೇರೆ ಕತೆ.

“ನಮ್ಮಜ್ಜಿ ಪೋನ ದಿಂಬಿನ ಕೆಳೀಕ್ ಮಡೀಕತದೆ ಮಿಸ್. ಮುಟ್ಟುದ್ರೆ ಕಳ್ಳ ಬಂದ ಅಂತ ಕೂಕತದೆ.”

ಆಗಲೇ ರಂಜಾನ್ ಹಿಡಿದಿತ್ತು. ತರಗತಿಯಲ್ಲಿ ಎಲ್ಲರೆದುರು ಆ ಮಾತು ಆಡಿದವಳು ನಾನೇ: “ಜೋಯಾ, ನೀನು ಹೇಗೂ ಬೆಳಗಿನ ಜಾವ ಸಹರಿ ಊಟಕ್ಕೆ ಎದ್ದಿರ್ತೀಯಲ್ಲ. ಮೂರೂ ಗುಂಪಿಗೆ ನೀನೇ ಫೋನ್ ಮಾಡಿಬಿಡ್ತೀಯಾ?”

“ಮಾಡ್ತೀನಿ ಮಿಸ್” ಎಂದಳು. ಅವಳು ಯಾವುದಕ್ಕೂ ಬೇರೆ ಉತ್ತರ ಕೊಟ್ಟವಳಲ್ಲ. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರು, “ನೋಡ್ರಪ್ಪ, ಲೀಡರ್ ಅಂದ್ರೆ ಹಿಂಗಿರ್ಬೇಕು” ಎಂದರು. ಸಂಜೆ ಬಸ್ಸಿನಲ್ಲಿ, ಒಂದು ತೊಂದರೆ ಸುಲಭವಾಗಿ ಬಗೆಹರಿಯಿತಲ್ಲ ಎಂದುಕೊಂಡು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದೆ.

ಕೊನೆಯ ಪ್ರಿಪರೇಟರಿ ಪರೀಕ್ಷೆಯಲ್ಲಿ ಜೋಯಾಗೆ ಗಣಿತದಲ್ಲಿ ಎಂಬತ್ತಕ್ಕೆ ನಲವತ್ತಮೂರು ಬಂತು. ಜನವರಿಯಲ್ಲಿ ಅರವತ್ತೆಂಟು ಇತ್ತು. ಬೇರೆ ವಿಷಯಗಳಲ್ಲೂ ಅಷ್ಟಿಷ್ಟು ಇಳಿದಿತ್ತು. ಅವಳ ಗುಂಪಿನ ಹತ್ತೂ ಜನ ಮಾತ್ರ ಏರಿದ್ದರು.

“ಏನಾಯ್ತು ಜೋಯಾ?”

“ಟೈಮ್ ಸಾಲ್ಲಿಲ್ಲ ಮಿಸ್.”

ಅವಳ ಫಾರಮ್ಮುಗಳ ಕಟ್ಟು ತಂದು ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು ನೋಡಿದೆ. ಅಷ್ಟು ದಿನ ನೋಡದೆಯೇ ಸಹಿ ಹಾಕಿದ್ದೆ. ಟಿಕ್ ಗುರುತಿನ ಪಕ್ಕದ ಚೂರು ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ‘ಎದ್ದಳು, ಹಾಲು ಕರೆಯಲು ಹೋದಳು, ಆರಕ್ಕೆ ಓದಿದಳು.’ ಅಂಚಿನಲ್ಲಿ ಬೇರೆ ಗುಂಪಿನವರದೂ ಇತ್ತು: ‘ಮಾದೇಶ ಎದ್ದ. ಅಜ್ಜಿ ಬೈದರು. ಮತ್ತೆ ಮಲಗಿದ. ಮತ್ತೆ ಮಾಡಿದೆ.’ ‘ಬಹುಪದೋಕ್ತಿ ಅರ್ಥವಾಗಿಲ್ಲ, ಊಟದ ಬಿಡುವಿನಲ್ಲಿ ಹೇಳಿಕೊಡಬೇಕು.’ ಹುಡುಕಿದೆ, ಹಾಳೆ ತಿರುವಿ ಹುಡುಕಿದೆ, ಜೋಯಾ ಎಷ್ಟಕ್ಕೆ ಎದ್ದಳು, ಯಾವ ಲೆಕ್ಕ ಮಾಡಿದಳು ಎಂಬುದು ಎಲ್ಲೂ ಇರಲಿಲ್ಲ. ಅದನ್ನು ಬರೆಯಲು ಜಾಗವೇ ಇರಲಿಲ್ಲ. ಟ್ರಸ್ಟಿನವರು ಅಚ್ಚು ಹಾಕಿಸಿದ್ದ ಫಾರಮ್ಮಿನಲ್ಲಿ ಇದ್ದದ್ದು ಹತ್ತು ಸಾಲು. ಲೀಡರಿನ ಹೆಸರು ಮೇಲೆ, ನನ್ನ ಸಹಿ ಕೆಳಗೆ.

ಸಂಜೆ ಬಸ್ಸು ಬಿಟ್ಟು ಅವಳ ಮನೆಗೆ ಹೋದೆ. ಅವಳ ತಾಯಿ ಮುನ್ನೀಬಿ ಉಪವಾಸ ಬಿಡುವ ಹೊತ್ತಿಗೆಂದು ಕಲ್ಲಂಗಡಿ ಹೆಚ್ಚುತ್ತಿದ್ದರು. ಜೋಯಾ ಗೋಡೆಗೊರಗಿ, ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡೇ ನಿದ್ದೆ ಹೋಗಿದ್ದಳು.

“ಎಬ್ಬಿಸ್ಬೇಡಿ” ಎಂದೆ.

“ನಾನ್ ಎಬ್ಸಲ್ಲ ಮೇಡಂ. ನಿಮ್ ಮಕ್ಳು ಎಬ್ಸೋದು” ಎಂದರು ಮುನ್ನೀಬಿ, ಚಾಕು ನಿಲ್ಲಿಸದೆ. “ಸಹರಿ ಮುಗ್ಸಿ, ನಮಾಜ್ ಮಾಡಿ ಮನೇಲಿ ಎಲ್ರೂ ಒಂದ್ ಗಂಟೆ ಮಲಗ್ತೀವಿ. ಅದೊಂದೇ ನಮಗೆ ನಿದ್ದೆ. ಇವಳು ಅಪ್ಪನ ಫೋನ್ ಹಿಡ್ಕೊಂಡು ಬಾಗಿಲಲ್ಲಿ ಕೂತ್ಕೋತಾಳೆ. ಅವ್ನು ಎದ್ನಾ, ಇವ್ಳು ಎದ್ಳಾ. ಯಾರೋ ಅಜ್ಜಿ ಅಂತೆ, ದಿನಾ ಬೈತಾರೆ, ಅವ್ರಿಗೂ ಸಮಾಧಾನ ಹೇಳ್ತಾಳೆ. ಮೂವತ್ತೆರಡು ಮನೆ ಮೇಡಂ. ಸಾಕು ಮಲ್ಕೊಳೇ ಅಂದ್ರೆ, ಮಿಸ್ ಹೇಳಿದಾರೆ ಅಮ್ಮಿ ಅಂತಾಳೆ.”

ಅವರು ಒಂದು ಹೋಳು ನನ್ನ ಕೈಗಿಟ್ಟರು. “ನೀವ್ ತಿನ್ನಿ. ನಿಮಗಿಲ್ವಲ್ಲ ರೋಜಾ, ಉಪ್ವಾಸ” ಎಂದರು. ಅವರೆದುರು ತಿನ್ನಲಾಗಲಿಲ್ಲ. ಹಿಡಿದುಕೊಂಡೇ ಕುಳಿತೆ.

ಮರುದಿನ ಟ್ರಸ್ಟಿನ ಕೋಆರ್ಡಿನೇಟರ್ ಚನ್ನಬಸವಣ್ಣನವರಿಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡಿದ್ದೆ. ಅವರು ಅರ್ಧದಲ್ಲೇ ತಡೆದರು.

“ಲೀಡರ್ ಬಿಡಿಸಿದ್ರೆ ಅವಳು ಸೀಟಿಗೆ ಬರಲ್ಲಮ್ಮ. ವರ್ಷ ಪೂರ್ತಿ ಅಂತ ರೂಲ್ಸ್ ಇದೆ. ಇನ್ನೆಷ್ಟು, ಮೂರು ವಾರ. ಎಳ್ಕೊಂಡು ಹೋಗ್ಲಿ ಬಿಡಿ.”

“ಸರಿ ಸರ್” ಎಂದೆ. ಅದು ನನ್ನ ಬಾಯಿಂದ ತಾನಾಗಿಯೇ ಬರುವ ಮಾತು.

ಬಿಡಿಸಿದರೆ ಸೀಟು ಹೋಗುತ್ತದೆ. ಬಿಡಿಸದಿದ್ದರೆ ಅಂಕ ಹೋಗುತ್ತದೆ, ಅಂಕ ಹೋದರೆ ಸೀಟೂ ಹೋಗುತ್ತದೆ. ಅಂದು ಹುಣಸೂರಿನವರೆಗೂ ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದೆ. ಡೈರಿಯಲ್ಲಿ ಬರೆಯಲು ಕುಳಿತರೆ ಒಂದೇ ವಾಕ್ಯ ಬಂತು, ಅದನ್ನೂ ಹೊಡೆದು ಹಾಕಿದೆ.

ಸೋಮವಾರ ತರಗತಿಯಲ್ಲಿ ಎದ್ದು ನಿಂತು, ನಾಳೆಯಿಂದ ಬೆಳಿಗ್ಗೆ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ, ಪರೀಕ್ಷೆ ಮುಗಿಯುವವರೆಗೆ ಫಾರಮ್ಮೂ ಇಲ್ಲ ಎಂದೆ. ದನಿ ನಡುಗಿದ್ದು ಕೊನೆಯ ಬೆಂಚಿನವರೆಗೂ ಕೇಳಿರಬೇಕು.

ಮಾದೇಶ ಎದ್ದ. “ಜೋಯಾ ಪೋನ್ ಮಾಡ್ದಿದ್ರೆ ನಾನ್ ಏಳಕ್ಕಿಲ್ಲ ಕಣ್ ಮಿಸ್. ಇವಾಗ್ಲೇ ಯೋಳ್ಬುಟ್ಟಿವ್ನಿ.”

“ಹಾಗಾದ್ರೆ ಮಲಗು” ಎಂದೆ. ಮಕ್ಕಳು ನಕ್ಕರು. ವರ್ಷದಲ್ಲಿ ನನ್ನ ಮಾತಿಗೆ ಅವರು ನಕ್ಕದ್ದು ಅದೇ ಮೊದಲು.

ಜೋಯಾ ನಗಲಿಲ್ಲ. ಎದ್ದು ನಿಂತಳು, ಎಲ್ಲರೆದುರು ಕೇಳಿದಳು: “ನಂದೇನ್ ತಪ್ಪಾಯ್ತು ಮಿಸ್?”

“ನಿಂದಲ್ಲ.”

“ಮತ್ತೆ ಸೀಟು?”

“ಅದನ್ನ ನಾನು ನೋಡ್ಕೋತೀನಿ. ನಾಳೆಯಿಂದ ಎಂಟೂವರೆಗೆ ಗಣಿತದ ಪುಸ್ತಕ ತಗೊಂಡು ಬಾ.” ಹೇಗೆ ನೋಡಿಕೊಳ್ಳುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ.

ಬಂದಳು. ಮುಖ ಗಂಟಿಕ್ಕಿಕೊಂಡೇ ಬಂದಳು. ಕೇಳಿದ್ದಕ್ಕಷ್ಟೇ ಉತ್ತರ. ಹತ್ತು ಜನಕ್ಕೆ ಬಾಯಲ್ಲಿ ಹೇಳಿಕೊಟ್ಟೂ ಹೇಳಿಕೊಟ್ಟೂ ಅವಳಿಗೆ ಎಲ್ಲ ಪ್ರಮೇಯವೂ ಹೇಳಲು ಬರುತ್ತಿತ್ತು. ಹಾಳೆಯ ಮೇಲೆ ಬರೆಯುವಾಗ ನಡುವಿನ ಒಂದೆರಡು ಹಂತ ಹಾರಿಹೋಗುತ್ತಿದ್ದವು. ಹೇಳಿಕೊಡುವವರು ಯಾರೂ ಎದುರಿಗಿಲ್ಲದೆ ಒಬ್ಬಳೇ ಒಂದು ಲೆಕ್ಕ ಕೊನೆಮುಟ್ಟಿಸಿ ಎಷ್ಟು ತಿಂಗಳಾಗಿತ್ತೋ. ಮೊದಲ ವಾರವೆಲ್ಲ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ, ಅದೊಂದು ನನಗೆ ಬರುವ ಕೆಲಸ. ಅವಳು ಪೆನ್ನು ಕಚ್ಚುವುದು, ಹೊಡೆದುಹಾಕುವುದು, ಆಕಳಿಸುವುದು. ಎರಡನೆಯ ವಾರ ಆಕಳಿಕೆ ಕಡಿಮೆಯಾಯಿತು. ಗಂಟು ಮಾತ್ರ ಹಾಗೇ ಇತ್ತು.

ಮೂರು ವಾರದ ಫಾರಮ್ಮುಗಳನ್ನು ಖಾಲಿಯಾಗೇ ಕಳಿಸಿದೆ. ಅಡ್ಡಕ್ಕೆ ಒಂದು ಸಾಲು ಬರೆದು ಸಹಿ ಹಾಕಿದೆ: ‘ಲೀಡರಿಗೆ ಓದಲು ಬಿಡುವು ಕೊಟ್ಟಿದ್ದೇನೆ. ತೀರ್ಮಾನ ನನ್ನದು.’

ಚನ್ನಬಸವಣ್ಣನವರು ಫೋನ್ ಮಾಡಿದರು. “ಏನಮ್ಮ ಇದು, ಹತ್ತು ಟಿಕ್ ಹಾಕಿ ಕಳಿಸಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು? ಈಗ ನಾನು ಯಾರಿಗ್ ಉತ್ತರ ಹೇಳ್ಲಿ?”

“ನಾನೇ ಹೇಳ್ತೀನಿ ಸರ್.”

“ಕಮಿಟಿ ಮುಂದೆ? ನೀವು?” ಅವರು ನಕ್ಕದ್ದರಲ್ಲಿ ಕೊಂಕೇನೂ ಇರಲಿಲ್ಲ. ನನ್ನನ್ನು ಬಲ್ಲವರು ಯಾರಾದರೂ ನಗುತ್ತಿದ್ದರು.

ಫಲಿತಾಂಶ ಬಂದಾಗ ಜೋಯಾಗೆ ಆರುನೂರ ಇಪ್ಪತ್ತೈದಕ್ಕೆ ಐನೂರ ಮೂವತ್ತೆಂಟು. ಶೇಕಡಾ ಎಂಬತ್ತಾರು. ಉಳಿದವರಲ್ಲಿ ನಾಲ್ವರು ಫೇಲು. ಅವರಲ್ಲಿ ಮಾದೇಶ ಒಬ್ಬ, ಗಣಿತದಲ್ಲಿ. ಐದಕ್ಕೆ ಎಬ್ಬಿಸಿದ್ದರೆ ಪಾಸಾಗುತ್ತಿದ್ದನೋ ಏನೋ. ಈ ‘ಏನೋ’ ಈಗಲೂ ನನ್ನನ್ನು ಬಿಟ್ಟಿಲ್ಲ.

ಸೀಟು ತೀರ್ಮಾನಿಸುವ ಟ್ರಸ್ಟಿನ ಕಮಿಟಿಯಲ್ಲಿ ಐದು ಜನರಿದ್ದರು. ಚೀಟಿ ನೋಡಿಕೊಂಡೇ ಓದಿದೆ. ಸಹರಿ, ಮೂವತ್ತೆರಡು ಮನೆ, ಹತ್ತು ಸಾಲು, ಎಲ್ಲ ಹೇಳಿ, “ಹೇಗೂ ಎದ್ದಿರ್ತಾಳೆ ಅಂತ ನಾನೇ ಹೊರಿಸಿದ್ದು, ನಾನೇ ಇಳಿಸಿದ್ದು. ಅವಳು ಬಿಟ್ಟದ್ದಲ್ಲ” ಎಂದೆ. ಗಾಜಿನ ಲೋಟದ ನೀರು ಕುಡಿಯಲು ಹೋಗಿ ಸೀರೆಯ ಮೇಲೆ ಚೆಲ್ಲಿಕೊಂಡೆ. ನಡುವೆ ಕುಳಿತಿದ್ದ ವಯಸ್ಸಾದ ಹೆಂಗಸು, “ನಮ್ಮ ಕಾರ್ಯಕ್ರಮಾನೇ ತಪ್ಪು ಅಂತೀರಾ?” ಎಂದು ಕೇಳಿದರು. ಅದಕ್ಕೆ ಚೀಟಿಯಲ್ಲಿ ಉತ್ತರ ಇರಲಿಲ್ಲ. “ಲೀಡರಿಗೂ ಒಂದು ಸಾಲು ಬೇಕಿತ್ತು ಮೇಡಂ” ಎಂದೆ.

ಸೀಟು ಜೋಯಾಗೆ ಸಿಕ್ಕಿತು. ಮುಂದಿನ ವರ್ಷಕ್ಕೆ ನನ್ನ ಹೆಸರನ್ನು ಅವರು ಮುಂದುವರಿಸಲಿಲ್ಲ. ಕಾರಣ ಕೇಳುವುದು ನನ್ನ ಸ್ವಭಾವವಲ್ಲ. ಕೇಳುವ ಶಕ್ತಿಯೂ ಉಳಿದಿರಲಿಲ್ಲ.

ಬೀರುವಿನ ಬೀಗದ ಕೈ ಒಪ್ಪಿಸಲು ಹತ್ತು ದಿನ ಕಳೆದು ಶಾಲೆಗೆ ಹೋದಾಗ ಜೋಯಾ ಟಿಸಿ ತೆಗೆದುಕೊಂಡು ಜಗುಲಿಗೆ ಬಂದಳು. ಮಾರ್ಚಿನ ಮುನಿಸು ಪೂರ್ತಿ ಹೋಗಿರಲಿಲ್ಲ.

“ಅಲ್ಲೂ ಗುಂಪು ಮಾಡ್ತಾರಂತೆ ಮಿಸ್. ಲೀಡರ್ ಯಾರಾಗ್ತೀರ ಅಂತ ಕೇಳ್ತಾರಂತೆ.”

“ನೀನೇನಂತೀಯ?”

“ಕೈ ಎತ್ತಲ್ಲ. ಸಾಕಾಗಿದೆ.”

ಹದಿನಾರು ವರ್ಷದವಳ ಬಾಯಲ್ಲಿ ಆ ಮಾತು ಕೇಳಿ, ಇದಕ್ಕೇನಾ ನಾನು ಒಂದು ವರ್ಷ ಬಸ್ಸಿನಲ್ಲಿ ನಿಂತು ಬಂದದ್ದು ಅನಿಸಿತು. ಆದರೂ ಎತ್ತು ಎನ್ನಲು ನಾಲಿಗೆ ಏಳಲಿಲ್ಲ. “ಒಂದು ವರ್ಷ ಎತ್ತಬೇಡ” ಎಂದೆ.

ಅಷ್ಟರಲ್ಲಿ ಮಾದೇಶ ಬಂದ. ಫೇಲಾದವರಿಗೆ ಎರಡನೆಯ ಪರೀಕ್ಷೆಯ ತರಗತಿ ನಡೆಯುತ್ತಿತ್ತು. “ಲೇ ಜೋಯಾ, ಸಿಕ್ದೆ ಬುಡು. ಆ ತ್ರಿಬುಜದ್ದು ಒಂದ್ಕಿತ ಯೋಳ್ಕೊಡು, ನಿನ್ ದಮ್ಮಯ್ಯ.”

ಜೋಯಾ ಅವನನ್ನು ನೋಡಿದಳು, ಪುಸ್ತಕವನ್ನು ನೋಡಿದಳು. ಕೈ ಅರ್ಧ ಮುಂದೆ ಬಂದದ್ದನ್ನು ನಾನು ಕಂಡೆ. ಆಮೇಲೆ ಟಿಸಿಯನ್ನು ಮಡಿಸಿ ಬ್ಯಾಗಿನಲ್ಲಿಟ್ಟು, “ನನ್ ಕೈಲಾಗಲ್ಲ ಕಣೋ, ಅಂಗಡೀಲಿ ನಮ್ಮ ಅಬ್ಬಾ ಕಾಯ್ತಿದಾರೆ. ಮಿಸ್ ಇದಾರಲ್ಲ, ಅವರನ್ ಕೇಳು” ಎಂದು ಮೆಟ್ಟಿಲಿಳಿದು ಹೊರಟಳು. ತಿರುಗಿ ನೋಡಲಿಲ್ಲ.

ಮಾದೇಶ ನನ್ನ ಕಡೆ ತಿರುಗಿದ. ಈ ಮಿಸ್ಸಿಗೆ ಈಗ ಇಲ್ಲಿ ಕೆಲಸವಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಕುಳಿತೆ.

“ಎಲ್ಲಿಂದ ಬರಲ್ಲ ನಿನಗೆ?”

ಅವನು ಪುಸ್ತಕ ಬಿಡಿಸಿದ, ಹಾಳೆ ಹಿಂದಕ್ಕೆ ತಿರುವುತ್ತಾ ತಿರುವುತ್ತಾ ಹೋದ.

“ಮೊದ್ಲಿಂದ್ಲೇ ಮಿಸ್.”