ಹಳೆ ಜಾವಾದ ಪೂರ್ತಿ ವಿಳಾಸ

ರಕ್ತ ಪರೀಕ್ಷೆಯ ಲ್ಯಾಬಿನ ಕಂಪ್ಯೂಟರಿನಲ್ಲಿ, ತಂತ್ರಾಂಶಗಳನ್ನು ಓಡಿಸುವ ಜಾವಾ ಎರಡಿದ್ದವು. ಪರೀಕ್ಷೆಯ ಯಂತ್ರಕ್ಕೆ ಹಳೆಯದೇ ಆಗಬೇಕು, ವರದಿ ಕಳಿಸುವ ತಂತ್ರಾಂಶಕ್ಕೆ ಹೊಸದೇ. ಕಂಪ್ಯೂಟರ್ ನೋಡಿಕೊಳ್ಳುವವಳು ಎರಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿಟ್ಟು, ಯಾವುದಕ್ಕೆ ಯಾವ ಜಾವಾ ಎಂದು, ಅದಿರುವ ಫೋಲ್ಡರಿನ ಪೂರ್ತಿ ವಿಳಾಸ ಬರೆದಿದ್ದಳು.

"ಬರೀ ಜಾವಾ ಅಂದ್ರೆ ಸಾಲ್ದೇನಮ್ಮಾ? ಮಾರುದ್ದ ಬರ್ದಿದ್ದೀಯಲ್ಲ!" ಎಂದು ಮ್ಯಾನೇಜರು ನಕ್ಕಿದ್ದರು.

"ಬರೀ ಹೆಸರು ಕರೆದ್ರೆ, ಯಾವುದಕ್ಕೆ ಆ ಹೆಸರು ಕೊಟ್ಟಿರ್ತಾರೋ ಅದು ಓಗೊಡುತ್ತೆ ಸಾರ್. ನಾಳೆ ಯಾರಾದ್ರೂ ಬದಲಾಯಿಸಿದ್ರೆ?"

ಸೋಮವಾರ ಮುಖ್ಯ ಕಚೇರಿಯವರು ಎಲ್ಲ ಶಾಖೆಗಳಲ್ಲೂ 'ಜಾವಾ' ಎಂಬ ಬರೀ ಹೆಸರನ್ನು ಹೊಸ ಜಾವಾಕ್ಕೆ ಕೊಟ್ಟುಬಿಟ್ಟರು. ಬೆಳಗ್ಗೆ ಎಂಟಕ್ಕೆಲ್ಲ, ಬರೀ ಹೆಸರು ಕರೆಯುತ್ತಿದ್ದ ಉಳಿದ ಶಾಖೆಗಳ ಯಂತ್ರಗಳು ನಿಂತವು. ಮ್ಯಾನೇಜರು ಏದುಸಿರು ಬಿಡುತ್ತ ಓಡಿಬಂದರು. ಹೊರಗಿನ ಬೆಂಚುಗಳಲ್ಲಿ ನಲವತ್ತು ಜನ ಖಾಲಿ ಹೊಟ್ಟೆಯಲ್ಲಿ ಕಾದಿದ್ದರು.

"ನಮ್ದೂ ಹೋಯ್ತಾ?"

"ಹೋಗೋಕೆ ಅದೇನು ನೆಂಟರಾ ಸಾರ್?" ಎಂದಳು. ಅವಳ ಹಿಂದೆ ಯಂತ್ರ ಗುಂಯ್‌ಗುಡುತ್ತ ಹನ್ನೊಂದನೆಯ ಟ್ಯೂಬನ್ನು ಎಳೆದುಕೊಂಡಿತು.

ಮ್ಯಾನೇಜರ ಫೋನು ರಿಂಗಾಯಿತು. ಮುಖ್ಯ ಕಚೇರಿಯವರು. ಮ್ಯಾನೇಜರು ಅದನ್ನು ಅವಳ ಕೈಗಿಟ್ಟರು.

ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತು, ಮ್ಯಾನೇಜರಿಗೂ ಕೇಳಿಸುವಷ್ಟು ದೊಡ್ಡದಾಗಿ ಹೇಳಿದಳು: "ಪೆನ್ ತಗೊಳ್ಳಿ. ವಿಳಾಸ ಮಾರುದ್ದ ಇದೆ."